ಅರ್ಬುದದ ಬೀಜ ಹುಡುಕಲು ಹೋಗಿ ಕೋಶದೊಳಗಿನ ಬಲೆಯನ್ನು ಕಂಡವರು: ಆಲ್ಬರ್ಟ್ ಕ್ಲಾಡ್

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಆ ಪ್ರಶ್ನೆ ನೆನಪಿರಲೇಬೇಕು. ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಮತ್ತು ನಯ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ನಡುವಣ ವ್ಯತ್ಯಾಸಗಳನ್ನು ತಿಳಿಸಿ. ಉತ್ತರ ಪತ್ರಿಕೆಯ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದು, ಎಡಕ್ಕೆ ರೈಬೋಸೋಮ್ ಉಂಟು, ಬಲಕ್ಕೆ ಇಲ್ಲ. ಎಡಕ್ಕೆ ಪ್ರೋಟೀನ್, ಬಲಕ್ಕೆ ಕೊಬ್ಬು ಎಂದು ಬರೆದು ಅಂಕ ಗಿಟ್ಟಿಸಿಕೊಂಡು ಮುಂದಿನ ಪ್ರಶ್ನೆಗೆ ಹೋದವರೇ ಹೆಚ್ಚು. ಈ ಲೇಖಕನೂ ಅವರಲ್ಲೊಬ್ಬ. ನಾಲಿಗೆ ಹೊರಳದ ಆ ಹೆಸರಿನ ಹಿಂದೆ, ಪ್ರೌಢಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ರೊಟ್ಟಿ ಅಂಗಡಿಯವನ ಮಗನಿದ್ದಾನೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಆಗ ಹೇಳಲಿಲ್ಲ.

ಆತ ಆಲ್ಬರ್ಟ್ ಕ್ಲಾಡ್. 1974ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಹಿರಿಯರು. ಅವರ ಬದುಕಿನ ಕತೆ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಒಬ್ಬ ತಾಯಿಯ ರೋಗಶಯ್ಯೆಯ ಬಳಿ.

ಗಂಟೆ ಬಾರಿಸುತ್ತಿದ್ದ ಹುಡುಗ

ಬೆಲ್ಜಿಯಂನ ಆಗ್ನೇಯ ಮೂಲೆಯಲ್ಲಿ ಆರ್ಡೆನ್ ಬೆಟ್ಟಸೀಮೆಯಿದೆ. ಅಲ್ಲಿನ ಲಾಂಗ್ಲಿಯೆ ಎಂಬ ಪುಟ್ಟ ಹಳ್ಳಿಯಲ್ಲಿ 1899ರ ಆಗಸ್ಟ್ 24ರಂದು ಆಲ್ಬರ್ಟ್ ಹುಟ್ಟಿದರೆಂದು ಸಾಮಾನ್ಯವಾಗಿ ಬರೆಯುತ್ತಾರೆ. 1898 ಎನ್ನುವ ದಾಖಲೆಯೂ ಉಂಟು. ತಂದೆ ಪ್ಯಾರಿಸ್ಸಿನಲ್ಲಿ ಕಸುಬು ಕಲಿತು ಬಂದ ಬೇಕರಿಯವರು. ರೈಲು ನಿಲ್ದಾಣದ ಸಮೀಪ ರೊಟ್ಟಿ, ದಿನಸಿ ಎರಡೂ ಸಿಗುವ ಅಂಗಡಿ ಇಟ್ಟುಕೊಂಡಿದ್ದರು. ನಾಲ್ಕು ಮಕ್ಕಳಲ್ಲಿ ಆಲ್ಬರ್ಟ್ ಕೊನೆಯವನು.

1902ರಲ್ಲಿ ತಾಯಿಗೆ ಸ್ತನದ ಅರ್ಬುದ ಕಾಣಿಸಿಕೊಂಡಿತು. ಮನೆಯ ದೊಡ್ಡ ಮಕ್ಕಳು ಶಾಲೆಗೆ, ಕೆಲಸಕ್ಕೆ ಹೋಗುತ್ತಿದ್ದರೆ, ಶಾಲೆಗೆ ಹೋಗುವ ವಯಸ್ಸಾಗದ ಕಿರಿಯ ಮಗ ದಿನವಿಡೀ ತಾಯಿಯ ಜೊತೆಗಿರುತ್ತಿದ್ದ. ಗಡ್ಡೆ ಬೆಳೆದದ್ದನ್ನು, ದೇಹ ಕರಗಿದ್ದನ್ನು ಆ ಹುಡುಗ ಕಣ್ಣಾರೆ ಕಂಡ. ಅವನಿಗೆ ಏಳು ವರ್ಷವಾದಾಗ ತಾಯಿ ತೀರಿಕೊಂಡರು. ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ ಆತ ಅರ್ಬುದವನ್ನು ಬೆನ್ನು ಹತ್ತಿದ್ದಕ್ಕೆ ಈ ನಾಲ್ಕೈದು ವರ್ಷಗಳೇ ಕಾರಣ ಎಂದು ಖಚಿತವಾಗಿ ಹೇಳುವುದು ಜೀವನಚರಿತ್ರೆಕಾರರ ಸುಲಭದ ದಾರಿ. ಆದರೆ ವೈದ್ಯ ಪದವಿಯ ಪ್ರಬಂಧದಿಂದ ಹಿಡಿದು ಕೊನೆಯ ಪ್ರಯೋಗಾಲಯದ ಹೆಸರಿನವರೆಗೆ ಎಲ್ಲದರಲ್ಲೂ ಅರ್ಬುದ ಎಂಬ ಪದ ಇದ್ದದ್ದು ನಿಜ.

ಹಳ್ಳಿಯಲ್ಲಿದ್ದದ್ದು ಒಂದೇ ಕೋಣೆಯ ಶಾಲೆ. ಎಲ್ಲ ತರಗತಿಗಳಿಗೂ ಒಬ್ಬರೇ ಮೇಷ್ಟ್ರು. ಆ ಶಾಲೆಯ ಬಗ್ಗೆ ಕ್ಲಾಡ್ ಅವರಿಗೆ ಕೊನೆಯವರೆಗೂ ಒಳ್ಳೆಯ ಅಭಿಪ್ರಾಯವೇ ಇತ್ತು. ಮುಂಜಾನೆ ಆರಕ್ಕೆ ಇಗರ್ಜಿಯ ಗಂಟೆ ಬಾರಿಸುವ ಕೆಲಸವೂ ಹುಡುಗನದೇ. ವ್ಯಾಪಾರ ಕುಸಿದಾಗ, 1907ರಲ್ಲಿ, ಕುಟುಂಬ ಉಕ್ಕಿನ ಕಾರ್ಖಾನೆಗಳ ಊರಾದ ಆತೂಸ್‌ಗೆ ಗುಳೆ ಹೋಯಿತು. ಅಲ್ಲಿ ಜರ್ಮನ್ ಭಾಷೆಯ ಶಾಲೆ. ಎರಡು ವರ್ಷ ಕಳೆಯುವಷ್ಟರಲ್ಲಿ ಊರಿನಿಂದ ಕರೆ ಬಂತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಹಾಸಿಗೆ ಹಿಡಿದಿದ್ದ ಚಿಕ್ಕಪ್ಪನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಹುಡುಗ ಶಾಲೆ ಬಿಟ್ಟು ಲಾಂಗ್ಲಿಯೆಗೆ ಮರಳಿದ. ಹಲವು ವರ್ಷ ರೋಗಿಯ ಆರೈಕೆಯೇ ಅವನ ವಿದ್ಯಾಭ್ಯಾಸವಾಯಿತು. ಅಲ್ಲಿಗೆ ಶಾಲೆಯ ಅಧ್ಯಾಯ ಮುಗಿಯಿತು.

ಮುಂದೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗನಾಗಿ, ಆಮೇಲೆ ಯಂತ್ರಗಳ ನಕ್ಷೆ ಬರೆಯುವವನಾಗಿ ದುಡಿದ. 1914ರಲ್ಲಿ ಮೊದಲ ಮಹಾಯುದ್ಧ ಸಿಡಿದು ಜರ್ಮನ್ ಸೇನೆ ಬೆಲ್ಜಿಯಂ ಅನ್ನು ಆಕ್ರಮಿಸಿಕೊಂಡಿತು. ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಆಲ್ಬರ್ಟ್ ಬ್ರಿಟಿಷ್ ಗುಪ್ತಚರ ಸೇವೆಗೆ ಸ್ವಯಂಸೇವಕನಾಗಿ ಸೇರಿ ಯುದ್ಧ ಮುಗಿಯುವವರೆಗೂ ದುಡಿದ. ಯುದ್ಧಾನಂತರ ಪದಕವೂ ಮಾಜಿ ಯೋಧನ ಮಾನ್ಯತೆಯೂ ದೊರೆತವು.

ಆ ಮಾನ್ಯತೆಯೇ ಅವರ ಬದುಕನ್ನು ತಿರುಗಿಸಿತು. ವೈದ್ಯನಾಗಬೇಕೆಂಬ ಆಸೆಯಿತ್ತು, ಆದರೆ ಗ್ರೀಕ್ ಮತ್ತು ಲ್ಯಾಟಿನ್ ಓದಿದ ಪ್ರೌಢಶಾಲಾ ಪ್ರಮಾಣಪತ್ರ ಇಲ್ಲದವರಿಗೆ ವೈದ್ಯಶಾಲೆಯ ಬಾಗಿಲು ಮುಚ್ಚಿತ್ತು. ಬೇರೆ ದಾರಿ ಕಾಣದೆ ಅವರು ಲಿಯೇಜ್ ನಗರದ ಗಣಿ ಶಾಲೆಯತ್ತ ಹೊರಟಿದ್ದರು. ಅಷ್ಟರಲ್ಲಿ ಮಾಜಿ ಯೋಧರು ಪ್ರಮಾಣಪತ್ರವಿಲ್ಲದೆಯೂ ವಿಶ್ವವಿದ್ಯಾಲಯ ಸೇರಬಹುದೆಂಬ ಕಾನೂನು ಜಾರಿಯಾಯಿತು. 1922ರಲ್ಲಿ ಲಿಯೇಜ್ ವಿಶ್ವವಿದ್ಯಾಲಯ ಅವರನ್ನು ವೈದ್ಯ ತರಗತಿಗೆ ಸೇರಿಸಿಕೊಂಡಿತು. ಸರ್ಕಾರದ ಆ ಒಂದು ಕಾಗದ ಇಲ್ಲದೇ ಹೋಗಿದ್ದರೆ ಬೆಲ್ಜಿಯಂಗೆ ಇನ್ನೊಬ್ಬ ಗಣಿ ಎಂಜಿನಿಯರ್ ಸಿಗುತ್ತಿದ್ದ, ಅಷ್ಟೇ.

1928ರಲ್ಲಿ ವೈದ್ಯ ಪದವಿ ಕೈಗೆ ಬಂತು. ಇಲಿಯ ಅರ್ಬುದವನ್ನು ಹೆಗ್ಗಣಕ್ಕೆ ಕಸಿ ಮಾಡುವುದು ಅವರ ಪ್ರಬಂಧದ ವಿಷಯ. ಸರ್ಕಾರದ ಪ್ರವಾಸ ವೇತನ ಪಡೆದು ಬರ್ಲಿನ್‌ಗೆ ಹೋದರು. ಅಲ್ಲಿ ಅವರು ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಅರ್ಬುದ ಬರುತ್ತದೆಂಬ ವಾದಕ್ಕೆ ಮುಖ್ಯಸ್ಥರ ಬೆಂಬಲವಿತ್ತು. ಬ್ಯಾಕ್ಟೀರಿಯಾ ಮಾದರಿಯೊಳಗೆ ಅರ್ಬುದದ ಕೋಶಗಳೇ ಬೆರೆತುಹೋಗಿವೆ, ರೋಗ ಹರಡುತ್ತಿರುವುದು ಅವುಗಳಿಂದ ಎಂದು ಹೊಸಬ ಕ್ಲಾಡ್ ತೋರಿಸಿಕೊಟ್ಟರು. ಮುಖ್ಯಸ್ಥರ ಸಿದ್ಧಾಂತವನ್ನು ಮುರಿದವರಿಗೆ ಅಲ್ಲಿ ಹೆಚ್ಚು ದಿನ ಜಾಗವಿರಲಿಲ್ಲ. ಅದೇ ನಗರದ ಇನ್ನೊಂದು ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಕಲಿತು ಊರಿಗೆ ಮರಳಿದರು.

ಕೋಳಿಯ ಗಡ್ಡೆ, ನ್ಯೂಯಾರ್ಕಿನ ಒರಳು

1911ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಒಂದು ವಿಚಿತ್ರ ಸಂಗತಿ ಪ್ರಕಟಿಸಿದ್ದರು. ಕೋಳಿಯೊಂದರ ಗಡ್ಡೆಯನ್ನು ಅರೆದು, ಕೋಶ ಮತ್ತು ಬ್ಯಾಕ್ಟೀರಿಯಾಗಳು ದಾಟಲಾಗದಷ್ಟು ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ಇನ್ನೊಂದು ಕೋಳಿಗೆ ಚುಚ್ಚಿದರೆ ಅದಕ್ಕೂ ಗಡ್ಡೆ ಬರುತ್ತಿತ್ತು. ಕೋಶವೇ ಇಲ್ಲದ ರಸದಲ್ಲಿ ಅರ್ಬುದದ ಬೀಜ ಇದ್ದದ್ದಾದರೂ ಎಲ್ಲಿ? ಬಹುಮಂದಿ ನಂಬಲಿಲ್ಲ. ನಂಬಿದವರಿಗೂ ಅದು ವೈರಸ್ಸೋ, ಕಿಣ್ವವೋ, ಮತ್ತೇನೋ ತಿಳಿಯಲಿಲ್ಲ. ರೌಸ್ ಅವರಿಗೆ ಈ ಶೋಧಕ್ಕಾಗಿ ನೊಬೆಲ್ ಬಂದದ್ದು 55 ವರ್ಷ ತಡವಾಗಿ, 1966ರಲ್ಲಿ.

ಆ ಬೀಜವನ್ನು ಬೇರ್ಪಡಿಸಿ ಗುರುತಿಸುತ್ತೇನೆಂದು ಕ್ಲಾಡ್ ರಾಕ್‌ಫೆಲರ್ ಸಂಸ್ಥೆಯ ನಿರ್ದೇಶಕ ಸೈಮನ್ ಫ್ಲೆಕ್ಸ್ನರ್ ಅವರಿಗೆ ಬರೆದರು. ಪ್ರಸ್ತಾವ ಒಪ್ಪಿಗೆಯಾಯಿತು. ಬೆಲ್ಜಿಯಂ-ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನದ ವೇತನ ಹಿಡಿದು 1929ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. ಮರು ತಿಂಗಳೇ ಅಲ್ಲಿನ ಷೇರುಪೇಟೆ ಮುಗ್ಗರಿಸಿ ಜಗತ್ತನ್ನೇ ಆರ್ಥಿಕ ಮುಗ್ಗಟ್ಟಿಗೆ ತಳ್ಳಿತು. ಜೇಮ್ಸ್ ಮರ್ಫಿ ಅವರ ಅರ್ಬುದ ಪ್ರಯೋಗಾಲಯದ ಮೂಲೆಯಲ್ಲಿ ಕ್ಲಾಡ್ ಮಾತ್ರ ಕೋಳಿಯ ಗಡ್ಡೆ ಅರೆಯುತ್ತ ಕುಳಿತರು.

ಅರೆಯುವುದು ಎಂದರೆ ಅಕ್ಷರಶಃ ಅರೆಯುವುದೇ. ಗಡ್ಡೆಯನ್ನು ಕುಟ್ಟಿ, ಕೋಶಗಳ ಹೊರಪೊರೆ ಒಡೆದು, ಒಳಗಿನದನ್ನೆಲ್ಲ ಹೊರಚೆಲ್ಲಿಸಿ, ಆ ರಸವನ್ನು ಸೆಂಟ್ರಿಫ್ಯೂಜ್ ಯಂತ್ರದ ಕೊಳವೆಗೆ ಸುರಿದು ಗಿರಗಿರನೆ ತಿರುಗಿಸುವುದು. ಮೊಸರು ಕಡೆಯುವಾಗ ಹಗುರವಾದ ಬೆಣ್ಣೆ ಮೇಲೆ ತೇಲುತ್ತದೆ. ಇಲ್ಲಿ ಅದರ ವಿರುದ್ಧ. ಭಾರವಾದದ್ದು ಮೊದಲು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬಸಿದು ಇನ್ನೂ ಜೋರಾಗಿ ತಿರುಗಿಸಿದರೆ ಅದಕ್ಕಿಂತ ಸಣ್ಣದು, ಮತ್ತೂ ಜೋರಾಗಿ ತಿರುಗಿಸಿದರೆ ಮತ್ತೂ ಸಣ್ಣದು. ಕೋಶ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಕೋಶವನ್ನೇ ನುಚ್ಚುನೂರು ಮಾಡುವುದೆಂಥ ವಿದ್ಯೆ ಎಂದು ಮೂಗು ಮುರಿದ ಜೀವಶಾಸ್ತ್ರಜ್ಞರು ಕಡಿಮೆಯಿರಲಿಲ್ಲ. ಗಡಿಯಾರವನ್ನು ಗುದ್ದಿ ಪುಡಿ ಮಾಡಿ ಗಂಟೆ ಎಷ್ಟೆಂದು ಕೇಳಿದ ಹಾಗೆ ಅವರಿಗೆ ತೋರಿರಬೇಕು.

ಆದರೆ ಈ ಪುಡಿಗೆ ಕ್ಲಾಡ್ ಲೆಕ್ಕ ಇಟ್ಟರು. ಆರಂಭದಲ್ಲಿ ಇದ್ದದ್ದೆಷ್ಟು, ಪ್ರತಿ ಪಾಲಿನಲ್ಲಿ ಸಿಕ್ಕಿದ್ದೆಷ್ಟು, ಎಲ್ಲ ಪಾಲುಗಳನ್ನೂ ಕೂಡಿಸಿದರೆ ಮೊದಲಿನ ಮೊತ್ತ ಬರುತ್ತದೆಯೇ ಎಂದು ತಾಳೆ ನೋಡಿದರು. ಅಂಗಡಿಯವರ ಮಗ ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದಂತೆ. ಅವರ ನಂತರ ಈ ವಿಧಾನ ಜಗತ್ತಿನ ಜೀವರಸಾಯನ ಪ್ರಯೋಗಾಲಯಗಳಲ್ಲೆಲ್ಲ ಉಳಿದುಕೊಂಡದ್ದಕ್ಕೆ ಯಂತ್ರದ ವೇಗಕ್ಕಿಂತ ಈ ಲೆಕ್ಕದ ಶಿಸ್ತೇ ದೊಡ್ಡ ಕಾರಣವೆನ್ನಬೇಕು.

1930ರ ದಶಕದ ಕೊನೆಗೆ ಕೊಳವೆಯ ತಳದಲ್ಲಿ ಗಡ್ಡೆ ಹುಟ್ಟಿಸುವ ಶಕ್ತಿಯುಳ್ಳ ಸಣ್ಣ ಕಣಗಳ ಗಸಿ ಸಿಕ್ಕಿತು. ಅದರಲ್ಲಿ ಫಾಸ್ಫೊಲಿಪಿಡ್ ಎಂಬ ಕೊಬ್ಬು ಮತ್ತು ಇಂದು ನಾವು ಆರ್‌ಎನ್‌ಎ ಎನ್ನುವ ನ್ಯೂಕ್ಲಿಯಿಕ್ ಆಮ್ಲ ಎರಡೂ ಇದ್ದವು. ಹುಡುಕಿದ್ದು ಸಿಕ್ಕಿತೆಂದು ಘೋಷಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಕ್ಲಾಡ್ ಹಾಗೆ ಮಾಡಲಿಲ್ಲ. ಕಾಯಿಲೆಯಿಲ್ಲದ ಕೋಳಿ ಭ್ರೂಣಗಳನ್ನು ತಂದು ಅದೇ ರೀತಿ ಅರೆದು, ಅದೇ ವೇಗದಲ್ಲಿ ತಿರುಗಿಸಿದರು. ತಳದಲ್ಲಿ ಅದೇ ಗಾತ್ರದ, ಅದೇ ರಾಸಾಯನಿಕ ಘಟಕಗಳ ಕಣಗಳು ಕುಳಿತಿದ್ದವು.

ಅಂದರೆ ಅವರು ವರ್ಷಗಟ್ಟಲೆ ಒಟ್ಟುಗೂಡಿಸಿದ್ದರಲ್ಲಿ ರೋಗದ ಬೀಜ ಒಂದಷ್ಟು ಮಾತ್ರ. ಉಳಿದದ್ದೆಲ್ಲ ಆರೋಗ್ಯವಂತ ಕೋಶದ ಸ್ವಂತ ಸರಕು. ಕ್ಲಾಡ್ ಅವರ ಬದುಕಿನಲ್ಲಿ ನಿಜವಾದ ಪರೀಕ್ಷೆ ಬಂದದ್ದು ಆಗ. ತಾಯಿಯನ್ನು ಕೊಂದ ರೋಗದ ಮೂಲ ಹುಡುಕಲು ಸಮುದ್ರ ದಾಟಿ ಬಂದ ಮನುಷ್ಯ, ಹತ್ತು ವರ್ಷದ ದುಡಿಮೆಯ ಕೊನೆಗೆ ರೋಗಕ್ಕೆ ಸಂಬಂಧಪಡದ ಒಂದು ಚಿಟಿಕೆ ಗಸಿಯನ್ನು ಕೈಯಲ್ಲಿ ಹಿಡಿದಿದ್ದರು. ಅದನ್ನು ಕಸವೆಂದು ತೊಳೆದು ಮತ್ತೆ ವೈರಸ್ಸಿನ ಬೆನ್ನು ಹತ್ತಬಹುದಿತ್ತು. ಅವರು ಗಸಿಯ ಬೆನ್ನು ಹತ್ತಿದರು.

ಮೊದಲಿಗೆ ಎಡವಿದ್ದೂ ಉಂಟು. ಈ ಕಣಗಳು ಮೈಟೊಕಾಂಡ್ರಿಯಾ ಅಥವಾ ಅವುಗಳ ಚೂರುಗಳಿರಬೇಕೆಂದು ಬರೆದರು. ಮುಂದೆ ತಪ್ಪನ್ನು ತಾವೇ ತಿದ್ದಿಕೊಂಡು, ಇವು ಮೈಟೊಕಾಂಡ್ರಿಯಾಗಳಿಗಿಂತ ಬಹಳ ಸಣ್ಣವು, ಬೇರೆಯದೇ ಜಾತಿಯವು ಎಂದು ಸ್ಪಷ್ಟಪಡಿಸಿ 1943ರಲ್ಲಿ ಮೈಕ್ರೊಸೋಮ್ ಎಂದು ಹೆಸರಿಟ್ಟರು. 1946ರ ಹೊತ್ತಿಗೆ ಯಕೃತ್ತಿನ ಕೋಶವನ್ನು ಕೋಶಕೇಂದ್ರ, ದೊಡ್ಡ ಕಣ, ಮೈಕ್ರೊಸೋಮ್, ಉಳಿದ ತಿಳಿ ಎಂದು ನಾಲ್ಕು ಪಾಲು ಮಾಡುವ ಕ್ರಮ ಗಟ್ಟಿಯಾಯಿತು. ಉಸಿರಾಟದ ಮುಖ್ಯ ಕಿಣ್ವಗಳು ದೊಡ್ಡ ಕಣಗಳಲ್ಲೇ, ಅಂದರೆ ಮೈಟೊಕಾಂಡ್ರಿಯಾಗಳಲ್ಲೇ, ಸೇರಿಕೊಂಡಿವೆ ಎಂದು ಜಾರ್ಜ್ ಹೋಗ್‌ಬೂಮ್ ಮತ್ತು ರೋಲಿನ್ ಹಾಚ್ಕಿಸ್ ಜೊತೆಗೂಡಿ ತೋರಿಸಿದರು. ಕೋಶದ ವಿದ್ಯುತ್ ಸ್ಥಾವರ ಎಂದು ಇಂದು ಶಾಲಾ ಮಕ್ಕಳೂ ಹೇಳುವ ಮಾತಿಗೆ ಬುನಾದಿ ಬಿದ್ದದ್ದು ಹೀಗೆ.

ಬಲೆ ಕಂಡ ಚಿತ್ರ

ಕೊಳವೆಯಲ್ಲಿ ಸಿಕ್ಕ ಕಣ ಜೀವಂತ ಕೋಶದಲ್ಲಿ ಎಲ್ಲಿರುತ್ತದೆ? ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಾಣದು. ಬೆಳಕಿನ ಅಲೆಯ ಉದ್ದವೇ ಅಡ್ಡಿ. ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲು ಅದಕ್ಕೆ ಆಗುವುದಿಲ್ಲ. 1931ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಆ ಸಾಮರ್ಥ್ಯವಿತ್ತು. ಆದರೆ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಗ ಆ ಯಂತ್ರವೇ ಇರಲಿಲ್ಲ. ಇದ್ದದ್ದು ಅದೇ ನಗರದ ಇಂಟರ್‌ಕೆಮಿಕಲ್ ಎಂಬ ಕಂಪೆನಿಯಲ್ಲಿ. ಮುದ್ರಣದ ಮಸಿಯ ವ್ಯಾಪಾರದಿಂದ ಬೆಳೆದ ಕಂಪೆನಿ ಅದು. ಪತ್ರಿಕೆಯವರಿಗೆ ಖುಷಿ ಕೊಡುವ ಸಂಗತಿ: ಕೋಶದ ಒಳಚಿತ್ರಣ ಮೊದಲು ಕಂಡದ್ದು ಮಸಿ ಮಾಡುವವರ ಯಂತ್ರದಲ್ಲಿ. ಅದನ್ನು ನಡೆಸುತ್ತಿದ್ದವರು ಅರ್ನೆಸ್ಟ್ ಫುಲ್ಲಮ್.

ಯಂತ್ರ ಸಿಕ್ಕರೂ ತೊಡಕು ಮುಗಿಯಲಿಲ್ಲ. ಎಲೆಕ್ಟ್ರಾನುಗಳು ದಪ್ಪ ವಸ್ತುವನ್ನು ಹಾಯಲಾರವು. ಯಂತ್ರದ ಒಳಗೆ ಗಾಳಿಯೂ ಇಲ್ಲದ ನಿರ್ವಾತ. ಒದ್ದೆಯಾದ ಕೋಶ ಅಲ್ಲಿ ಉಳಿಯುವುದು ಹೇಗೆ? ಉಪಾಯ ಹೊಳೆದದ್ದು ಅದೇ ಪ್ರಯೋಗಾಲಯದ ಕಿರಿಯ ಸಂಶೋಧಕ, ಕೆನಡಾ ಮೂಲದ ಕೀತ್ ಪೋರ್ಟರ್ ಅವರಿಗೆ. ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಪೊರೆ ಬಳಿದು, ಅದರ ಮೇಲೆ ಕೋಳಿ ಭ್ರೂಣದ ಕೋಶಗಳನ್ನು ಬೆಳೆಸಿದರು. ಕೋಶಗಳು ಆ ಪೊರೆಯ ಮೇಲೆ ದೋಸೆಯಂತೆ ಹರಡಿಕೊಂಡು ಅಂಚಿನಲ್ಲಿ ಬಹಳ ತೆಳುವಾದವು. ಆಸ್ಮಿಯಂ ರಾಸಾಯನಿಕದ ಹಬೆಯಿಂದ ಅವುಗಳನ್ನು ಇದ್ದ ಹಾಗೇ ಸ್ಥಿರಗೊಳಿಸಿ, ಪೊರೆಯನ್ನು ಸುಲಿದು, ಸಣ್ಣ ತಂತಿ ಜಾಲರಿಯ ಮೇಲೆ ಹಾಕಿ ಯಂತ್ರದೊಳಗಿಟ್ಟರು. ತುಂಡು ತುಂಡಾಗಿ ತೆಗೆದ ಫೋಟೊಗಳನ್ನು ಜೋಡಿಸಿದಾಗ ಒಂದು ಇಡೀ ಕೋಶ ಕಣ್ಣ ಮುಂದಿತ್ತು. 1945ರ ಮಾರ್ಚ್‌ನಲ್ಲಿ ಪೋರ್ಟರ್, ಕ್ಲಾಡ್, ಫುಲ್ಲಮ್ ಮೂವರ ಹೆಸರಿನಲ್ಲಿ ಪ್ರಯೋಗಾತ್ಮಕ ವೈದ್ಯಶಾಸ್ತ್ರದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಆ ಚಿತ್ರದಲ್ಲಿ ಎಳೆ ಎಳೆಯಾದ ಮೈಟೊಕಾಂಡ್ರಿಯಾಗಳ ಜೊತೆಗೆ ಯಾರೂ ನಿರೀಕ್ಷಿಸದ ಒಂದು ವಸ್ತು ಇತ್ತು. ಖಾಲಿ ಎಂದುಕೊಂಡಿದ್ದ ಕೋಶದ್ರವ್ಯದ ತುಂಬ ಲೇಸ್ ನೇಯ್ಗೆಯಂತಹ ಒಂದು ಜಾಲ. ಕೋಶದ್ರವ್ಯದ ಒಳಭಾಗದಲ್ಲಿರುವ ಬಲೆ ಎಂಬರ್ಥದಲ್ಲಿ 1953ರಲ್ಲಿ ಪೋರ್ಟರ್ ಅದಕ್ಕೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂದು ಹೆಸರಿಟ್ಟರು. ಅಂದಹಾಗೆ, ಇದರ ನೆರಳನ್ನು 1897ರಷ್ಟು ಹಿಂದೆಯೇ ಫ್ರಾನ್ಸಿನ ಶಾರ್ಲ್ ಗಾರ್ನಿಯೆ ಕಂಡಿದ್ದರು. ಗ್ರಂಥಿಗಳ ಕೋಶಗಳಲ್ಲಿ ಬಣ್ಣ ಗಾಢವಾಗಿ ಹೀರುವ ಭಾಗವೊಂದಿದೆಯೆಂದು ಗುರುತಿಸಿ ಎರ್ಗಾಸ್ಟೊಪ್ಲಾಸಂ ಎಂದು ಕರೆದಿದ್ದರು. ನೋಡಲು ಕಣ್ಣಿಲ್ಲದ ಕಾಲದಲ್ಲಿ ಅದು ಮರೆತುಹೋಗಿತ್ತು.

1946ರಲ್ಲಿ ರುಮೇನಿಯಾದಿಂದ ಬಂದಿದ್ದ ತರುಣ ವೈದ್ಯ ಜಾರ್ಜ್ ಪಲಾಡೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ಅವರ ಉಪನ್ಯಾಸ ಕೇಳಿ ಮಾರುಹೋದರು. ಕ್ಲಾಡ್ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಒಂದೇ ಸೂರಿನಡಿ ಕ್ಲಾಡ್, ಪೋರ್ಟರ್, ಪಲಾಡೆ. ಕೋಶವಿಜ್ಞಾನ ಎಂಬ ಹೊಸ ಶಾಸ್ತ್ರಕ್ಕೆ ತೊಟ್ಟಿಲು ತೂಗಿದ್ದು ಆ ಕೋಣೆಗಳಲ್ಲಿ. ಆದರೆ ಎಲ್ಲವೂ ಕೂಡಿಬಂದ ಈ ಹೊತ್ತಿನಲ್ಲೇ, 1949ರಲ್ಲಿ, ಕ್ಲಾಡ್ ನ್ಯೂಯಾರ್ಕ್ ಬಿಟ್ಟು ಬೆಲ್ಜಿಯಂಗೆ ಹೊರಟರು. ಬ್ರಸೆಲ್ಸ್‌ನ ಜೂಲ್ ಬೋರ್ಡೆ ಸಂಸ್ಥೆಯನ್ನು ಅರ್ಬುದ ಸಂಶೋಧನೆಯ ಕೇಂದ್ರವಾಗಿ ಕಟ್ಟುವ ಹೊಣೆ ಅವರಿಗಾಗಿ ಕಾದಿತ್ತು. 1941ರಲ್ಲೇ ಅಮೆರಿಕದ ಪೌರತ್ವ ಪಡೆದಿದ್ದವರು ಅವರು. ಸುಗ್ಗಿಯ ಹೊತ್ತಿಗೆ ಹೊಲ ಬಿಟ್ಟುಹೋದ ರೈತನಂತೆ ಈ ನಿರ್ಧಾರ ಕಾಣುತ್ತದೆ. ಅರ್ಬುದದ ಆಸ್ಪತ್ರೆಯ ಕರೆ ಅವರಿಗೆ ಎಷ್ಟು ದೊಡ್ಡದಾಗಿ ಕೇಳಿಸಿತ್ತು ಎಂಬುದನ್ನೂ ಇದರಿಂದಲೇ ಊಹಿಸಬೇಕು.

ಒರಟೂ ನಯವೂ ಒಂದೇ ಬಲೆ

ಕ್ಲಾಡ್ ಬಿಟ್ಟುಬಂದ ಒಗಟನ್ನು ಬಿಡಿಸಿದವರು ಪಲಾಡೆ. ಕೋಶವನ್ನು ಅತಿ ತೆಳುವಾಗಿ ಕೊಯ್ದು ನೋಡುವ ತಂತ್ರ ಕೈಗೂಡಿದ ಮೇಲೆ ಬಲೆಯ ಎಳೆಗಳು ನಿಜವಾಗಿ ಪೊರೆಯಿಂದಾದ ಚೀಲ ಮತ್ತು ಕೊಳವೆಗಳೆಂದು ತಿಳಿಯಿತು. ಕೆಲವೆಡೆ ಪೊರೆಯ ಹೊರಮೈಗೆ ಸಾಸಿವೆ ಅಂಟಿಸಿದಂತೆ ಸಣ್ಣ ಕಣಗಳು. 1955ರಲ್ಲಿ ಪಲಾಡೆ ಅವುಗಳನ್ನು ವಿವರಿಸಿದರು. ನಾವಿಂದು ರೈಬೋಸೋಮ್ ಎನ್ನುವುದು ಅವನ್ನೇ. ಕಣ ಅಂಟಿದ್ದು ಒರಟು ಜಾಲ, ಅಂಟದೇ ಇದ್ದದ್ದು ನಯ ಜಾಲ. ಪರೀಕ್ಷೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿ.

1956ರಲ್ಲಿ ಪಲಾಡೆ ಮತ್ತು ಫಿಲಿಪ್ ಸೀಕೆವಿಟ್ಜ್ ಇನ್ನೊಂದು ಗಂಟನ್ನೂ ಬಿಚ್ಚಿದರು. ಕೋಶವನ್ನು ಅರೆದಾಗ ಈ ಬಲೆ ಹರಿದು ಚಿಂದಿಯಾಗುತ್ತದೆ, ಪ್ರತಿ ಚಿಂದಿಯೂ ತುದಿಗಳನ್ನು ತಾನೇ ಮುಚ್ಚಿಕೊಂಡು ಪುಟ್ಟ ಗುಂಡು ಚೀಲವಾಗುತ್ತದೆ. ಆ ಚೀಲಗಳೇ ಕ್ಲಾಡ್ ಅವರ ಮೈಕ್ರೊಸೋಮ್‌ಗಳು! ಎಂದರೆ ಕೊಳವೆಯ ತಳದಲ್ಲಿ ಕಂಡದ್ದೂ 1945ರ ಚಿತ್ರದಲ್ಲಿ ಕಂಡದ್ದೂ ಒಂದೇ ವಸ್ತು. ಕ್ಲಾಡ್ ಎರಡನ್ನೂ ಕಂಡಿದ್ದರು. ಅವು ಒಂದೇ ಎಂದು ಸಾಧಿಸುವ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಅವರು ಹೆಸರಿಟ್ಟ ಕಣ ಆ ರೂಪದಲ್ಲಿ ಜೀವಂತ ಕೋಶದಲ್ಲಿ ಇರುವುದೇ ಇಲ್ಲ. ಆದರೂ ಆ ಹೆಸರು ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಪರೀಕ್ಷೆಯ ಉತ್ತರ ಒಂದು ತಪ್ಪು ಕಲ್ಪನೆ ಬಿತ್ತುತ್ತದೆ. ನಡುವೆ ಗೆರೆ ಎಳೆದ ಕೂಡಲೇ ಇವು ಎರಡು ಬೇರೆ ಅಂಗಗಳೆಂಬ ಭಾವನೆ ಬರುತ್ತದೆ. ಹಾಗಲ್ಲ. ಕೋಶಕೇಂದ್ರದ ಹೊದಿಕೆಯಿಂದ ಶುರುವಾಗಿ ಹೊರಕ್ಕೆ ಹಬ್ಬುವ ಒಂದೇ ಪೊರೆ ಅದು. ಒಂದೆಡೆ ಚಪ್ಪಟೆ ಚೀಲಗಳಾಗಿ ಅಡುಕಿಕೊಂಡು ಒರಟಾಗಿರುತ್ತದೆ, ಮುಂದೆ ಹೋಗಿ ಕವಲೊಡೆದ ಕೊಳವೆಗಳಾಗಿ ನಯವಾಗುತ್ತದೆ. ಒರಟುತನವೂ ಶಾಶ್ವತವಲ್ಲ. ರೈಬೋಸೋಮ್‌ಗಳು ಕೋಶದ್ರವ್ಯದಲ್ಲಿ ತೇಲುತ್ತಿರುತ್ತವೆ. ಅವು ನೇಯುತ್ತಿರುವ ಪ್ರೋಟೀನಿನ ತುದಿಯಲ್ಲಿ ಇದು ಹೊರಗೆ ಹೋಗಬೇಕಾದ ಸರಕು ಎಂಬ ಸಂಕೇತವಿದ್ದರೆ ಮಾತ್ರ ಬಂದು ಪೊರೆಗೆ ಅಂಟಿಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ಕಳಚಿಕೊಳ್ಳುತ್ತವೆ. ಈ ಸಂಕೇತದ ಗುಟ್ಟು ಬಿಡಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ದೊರೆಯಿತು. ಅವರೂ ರಾಕ್‌ಫೆಲರ್‌ನವರೇ.

ಯಾವ ಕೋಶದಲ್ಲಿ ಯಾವುದು ಹೆಚ್ಚು ಎಂಬುದು ಆ ಕೋಶದ ಕಸುಬನ್ನು ಹೇಳುತ್ತದೆ. ಜೀರ್ಣಕಾರಿ ಕಿಣ್ವಗಳನ್ನು ಸುರಿಸುವ ಮೇದೋಜೀರಕ ಗ್ರಂಥಿ, ಇನ್ಸುಲಿನ್ ತಯಾರಿಸುವ ಕೋಶ, ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಹೊರಬಿಡುವ ಪ್ಲಾಸ್ಮಾ ಕೋಶ ಇವುಗಳಲ್ಲಿ ಒರಟು ಜಾಲದ್ದೇ ಕಾರುಬಾರು. ಪ್ರೋಟೀನ್ ಅಲ್ಲಿ ನೇಯಲ್ಪಟ್ಟು, ಸರಿಯಾಗಿ ಮಡಚಿಕೊಂಡು, ತಪಾಸಣೆಯಾಗಿ ಮುಂದೆ ಹೋಗುತ್ತದೆ. ಮಡಿಕೆ ತಪ್ಪಿದ್ದನ್ನು ಬಾಗಿಲಲ್ಲೇ ತಡೆಯಲಾಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಬಹಳಷ್ಟು ರೋಗಿಗಳಲ್ಲಿ ಒಂದು ಪ್ರೋಟೀನ್ ಹೀಗೆ ತಡೆಹಿಡಿಯಲ್ಪಟ್ಟು ತನ್ನ ಜಾಗ ಸೇರುವುದೇ ಇಲ್ಲ.

ನಯ ಜಾಲದ ಕತೆ ಇನ್ನೂ ಬಗೆಬಗೆಯದು. ವೃಷಣ ಮತ್ತು ಅಡ್ರಿನಲ್ ಗ್ರಂಥಿಗಳಲ್ಲಿ ಅದು ಸ್ಟೆರಾಯ್ಡ್ ಹಾರ್ಮೋನುಗಳ ತಯಾರಿಗೆ ನೆರವಾಗುತ್ತದೆ. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಕೂಡಿಟ್ಟುಕೊಂಡು, ನರದ ಆಜ್ಞೆ ಬಂದೊಡನೆ ಹೊರಬಿಟ್ಟು ಸ್ನಾಯು ಸೆಟೆಯುವಂತೆ ಮಾಡುತ್ತದೆ. ಯಕೃತ್ತಿನಲ್ಲಿ ಔಷಧಿ ಮತ್ತು ವಿಷಗಳನ್ನು ನೀರಿನಲ್ಲಿ ಕರಗುವಂತೆ ಬದಲಿಸಿ ದೇಹದಿಂದ ಹೊರಗೆ ಕಳಿಸಲು ಅನುವು ಮಾಡಿಕೊಡುತ್ತದೆ. ಫೀನೋಬಾರ್ಬಿಟಾಲ್ ಎಂಬ ಮಾತ್ರೆಯನ್ನು ಕೆಲವು ದಿನ ಸತತವಾಗಿ ಕೊಟ್ಟರೆ ಯಕೃತ್ತಿನ ಕೋಶಗಳಲ್ಲಿ ನಯ ಜಾಲ ಹಿಗ್ಗಿ ಹರಡುತ್ತದೆ, ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಮೊದಲು ಸಾಕಾಗುತ್ತಿದ್ದ ಪ್ರಮಾಣ ಬರಬರುತ್ತ ಸಾಲದಾಗುವುದಕ್ಕೆ, ಒಂದು ಔಷಧಿ ಇನ್ನೊಂದರ ಪರಿಣಾಮವನ್ನು ತಗ್ಗಿಸುವುದಕ್ಕೆ ಇದೂ ಒಂದು ಕಾರಣ. ವೈದ್ಯರು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು.

ಬ್ರಸೆಲ್ಸ್‌ನಲ್ಲಿ ಆಡಳಿತದ ಹೊರೆ ಹೊತ್ತರೂ ಕ್ಲಾಡ್ ಸೂಕ್ಷ್ಮದರ್ಶಕ ಬಿಡಲಿಲ್ಲ. 1970ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಯಕೃತ್ತಿನ ಕೋಶದೊಳಗೆ ಕೊಬ್ಬು-ಪ್ರೋಟೀನುಗಳ ಕಣ ರೂಪುಗೊಳ್ಳುವಾಗ ಪೊರೆಗಳು ಹೇಗೆ ಬೆಳೆದು ಬದಲಾಗುತ್ತವೆ, ಗಾಲ್ಜಿ ಸಂಕೀರ್ಣದ ಭಾಗಗಳು ಹೇಗೆ ಮೂಡುತ್ತವೆ ಎಂಬ ಬಗ್ಗೆ ಸುದೀರ್ಘ ಪ್ರಬಂಧ ಪ್ರಕಟಿಸಿದರು. ಯೌವನದಲ್ಲಿ ಅರೆದು ಪುಡಿ ಮಾಡಿದ್ದನ್ನು ಮುಪ್ಪಿನಲ್ಲಿ ಇಡಿಯಾಗಿ ನೋಡುವ ಕೆಲಸ ಅದು. ವಿಜ್ಞಾನಿಗಳಷ್ಟೇ ಕಲಾವಿದರೂ ಅವರಿಗೆ ಆಪ್ತರು. ಚಿತ್ರಕಾರ ಪೌಲ್ ಡೆಲ್ವೊ, ಸಂಗೀತ ರಚನಕಾರ ಎಡ್ಗಾರ್ ವಾರೆಜ್ ಅವರ ಗೆಳೆಯರ ಬಳಗದಲ್ಲಿದ್ದರು.

1970ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ವಿಟ್ಜ್ ಪ್ರಶಸ್ತಿ ಕ್ಲಾಡ್, ಪಲಾಡೆ, ಪೋರ್ಟರ್ ಮೂವರಿಗೂ ಸಂದಿತು. ನಾಲ್ಕು ವರ್ಷಗಳ ನಂತರ ಸ್ಟಾಕ್‌ಹೋಮ್‌ನಿಂದ ನೊಬೆಲ್ ಘೋಷಣೆ ಬಂದಾಗ ಮೂರನೆಯ ಹೆಸರು ಬದಲಾಗಿತ್ತು. ಕ್ಲಾಡ್, ಪಲಾಡೆ ಮತ್ತು ಕ್ರಿಶ್ಚಿಯನ್ ಡಿ ಡ್ಯೂವ್. ಬೆಲ್ಜಿಯಂನವರೇ ಆದ ಡಿ ಡ್ಯೂವ್, ಕ್ಲಾಡ್ ಹಾಕಿಕೊಟ್ಟ ಕ್ರಮದಲ್ಲೇ ಕೋಶವನ್ನು ಪಾಲು ಮಾಡುತ್ತ 1955ರಲ್ಲಿ ಲೈಸೋಸೋಮ್ ಕಂಡುಹಿಡಿದವರು. ಅವರ ಅರ್ಹತೆಯ ಬಗ್ಗೆ ತಕರಾರಿಲ್ಲ. ಆದರೆ ಒಂದು ನೊಬೆಲ್ ಅನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲವೆಂಬ ನಿಯಮ, ಪೊರೆಯ ಮೇಲೆ ಕೋಶ ಬೆಳೆಸಿ ಬಲೆಯನ್ನು ಮೊದಲು ಕಣ್ಣಿಗೆ ತೋರಿಸಿದ, ಅದಕ್ಕೆ ಹೆಸರಿಟ್ಟ ಪೋರ್ಟರ್ ಅವರನ್ನು ಹೊರಗಿಟ್ಟಿತು. 1997ರಲ್ಲಿ ಪೋರ್ಟರ್ ತೀರಿಕೊಂಡರು. ಈ ಅನ್ಯಾಯದ ಮಾತು ಕೋಶವಿಜ್ಞಾನಿಗಳ ನಡುವೆ ಇನ್ನೂ ತೀರಿಲ್ಲ.

ಕ್ಲಾಡ್ ಹುಡುಕಲು ಹೊರಟಿದ್ದ ಆ ಅರ್ಬುದದ ಬೀಜ ಏನಾಯಿತು? ಅದು ಆರ್‌ಎನ್‌ಎ ಹೊಂದಿದ ವೈರಸ್ ಎಂದು ಖಚಿತವಾಯಿತು. 1976ರಲ್ಲಿ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ಅವರ ತಂಡ, ಆ ವೈರಸ್ಸಿನಲ್ಲಿ ಗಡ್ಡೆ ಹುಟ್ಟಿಸುವ ಸಾರ್ಕ್ ಎಂಬ ಜೀನು ಮೂಲತಃ ಆರೋಗ್ಯವಂತ ಕೋಳಿಯ ಕೋಶದ್ದೇ ಎಂದು ತೋರಿಸಿತು. ಎಂದೋ ವೈರಸ್ ಅದನ್ನು ಕದ್ದೊಯ್ದಿತ್ತು. ಕಾಯಿಲೆಯ ಕೋಳಿಯಲ್ಲಿ ಹುಡುಕಿದ್ದು ಕಾಯಿಲೆಯಿಲ್ಲದ ಕೋಳಿಯಲ್ಲೂ ಸಿಗುವ ಸೋಜಿಗ ಹೀಗೆ ಎರಡನೆಯ ಸಲ ನಡೆಯಿತು. ಬಿಷಪ್ ಮತ್ತು ವಾರ್ಮಸ್ 1989ರಲ್ಲಿ ನೊಬೆಲ್ ಪಡೆದರು.

1976ರ ಆ ಸುದ್ದಿ ಬಂದಾಗ ಕ್ಲಾಡ್ ಬದುಕಿದ್ದರು. ಬೋರ್ಡೆ ಸಂಸ್ಥೆಯ ಹೊಣೆ ಇಳಿಸಿ, ಲೂವೆನ್-ಲಾ-ನ್ಯೂವ್ ಎಂಬ ಹೊಸ ವಿಶ್ವವಿದ್ಯಾಲಯ ನಗರದಲ್ಲಿ ಕೋಶವಿಜ್ಞಾನ ಮತ್ತು ಅರ್ಬುದಶಾಸ್ತ್ರದ ಪ್ರಯೋಗಾಲಯ ನಡೆಸುತ್ತಿದ್ದರು. 1983ರ ಮೇ 22ರಂದು ಬ್ರಸೆಲ್ಸ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು.